ಜ್ವರ ಬಿಟ್ಟು ಮತ್ತೆ ಬಂದರೆ ಮೊದಲು ಬ್ಲಡ್ ಕಲ್ಚರ್: ಹೃದಯದ ಆಪರೇಷನ್ ಆದ ಮಗುವಿನ ತಾಯಿಗೆ ಉತ್ತರ

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ 7 ವರ್ಷ, ತೂಕ 18 ಕೆ.ಜಿ. ಹುಟ್ಟಿನಿಂದಲೇ ಹೃದಯದ ತೊಂದರೆ ಇತ್ತು, ಟೆಟ್ರಾಲಜಿ ಆಫ್ ಫ್ಯಾಲೋ ಅಂದರು. 2 ವರ್ಷದವಳಿದ್ದಾಗ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಹೃದಯದ ತೂತಿಗೆ ಪ್ಯಾಚ್ ಹಾಕಿದ್ದಾರೆ, ಅದರ ಅಂಚಿನಲ್ಲಿ ಸ್ವಲ್ಪ ಲೀಕ್ ಉಳಿದಿದೆ, ಭಯ ಇಲ್ಲ ಅಂದಿದ್ದರು. ಚೆನ್ನಾಗಿಯೇ ಇದ್ದಳು. ಹೋದ ತಿಂಗಳು ಜ್ವರ ಬಂತು. ಮೊದಲು ಒಂದು ಆಂಟಿಬಯಾಟಿಕ್ ಸಿರಪ್ ಕೊಟ್ಟರು, ಬಿಡಲಿಲ್ಲ. ಆಮೇಲೆ ವಿಡಾಲ್ ಟೆಸ್ಟ್ ಮಾಡಿ ಟೈಫಾಯ್ಡ್ ಅಂದರು, 5 ದಿನ ಇಂಜೆಕ್ಷನ್ ಹಾಕಿದರು, ಬಿಟ್ಟಿತು. ಈಗ ಒಂದು ವಾರದಿಂದ ಮತ್ತೆ ಸಂಜೆ ಹೊತ್ತಿಗೆ ಮೈ ಬಿಸಿಯಾಗುತ್ತದೆ. ಊಟ ಸೇರುತ್ತಿಲ್ಲ. ಶಾಲೆಯಿಂದ ಬಂದವಳು ಬ್ಯಾಗ್ ಬಿಸಾಕಿ ಮಲಗಿಬಿಡುತ್ತಾಳೆ. ಎರಡು ದವಡೆ ಹಲ್ಲು ಹುಳುಕಾಗಿವೆ, ಹಲ್ಲಿನ ಡಾಕ್ಟರು ಹೃದಯದ ಡಾಕ್ಟರ ಚೀಟಿ ಇಲ್ಲದೆ ಮುಟ್ಟುವುದಿಲ್ಲ ಅಂತಾರೆ. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ ಬರುತ್ತದೆ, ಅದಕ್ಕೇ ನಮ್ಮ ಅತ್ತೆ ಬ್ರಷ್ ಬೇಡ ಅಂತಾರೆ. ಮುಂದಿನ ತಿಂಗಳು ಕಿವಿ ಚುಚ್ಚಿಸುವ ಕಾರ್ಯ ಇಟ್ಟುಕೊಂಡಿದ್ದೇವೆ. ಇಂಥ ಮಕ್ಕಳಿಗೆ ಹೃದಯಕ್ಕೇ ಸೋಂಕು ತಗಲುತ್ತದಂತೆ, ನಿಜವಾ? ಮನೆಯಲ್ಲಿ ಯಾವ ಆಂಟಿಬಯಾಟಿಕ್ ಇಟ್ಟುಕೊಂಡಿರಬೇಕು?
ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ:

ಅಮ್ಮಾ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಯಾಕೆಂದರೆ ಅದಕ್ಕೆ ಕಾಯುವಷ್ಟು ಸಮಯ ಇಲ್ಲ. ಜ್ವರಕ್ಕೆ ಅಂತ ಮನೆಯಲ್ಲಿ ಯಾವ ಆಂಟಿಬಯಾಟಿಕ್ಕನ್ನೂ ಇಟ್ಟುಕೊಳ್ಳಬೇಡಿ. ಹಳೆಯ ಸಿರಪ್ ಉಳಿದಿದ್ದರೆ ಅದನ್ನೂ ಕೊಡಬೇಡಿ. ನಾಳೆ ಬೆಳಿಗ್ಗೆಯೇ ಮಗಳನ್ನು ಕರೆದುಕೊಂಡು ಎಕೋ (ಹೃದಯದ ಸ್ಕ್ಯಾನ್) ಮತ್ತು ಬ್ಲಡ್ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯಾ ಅಂತ ಬೆಳೆಸಿ ನೋಡುವ ಪರೀಕ್ಷೆ) ಎರಡೂ ಇರುವ ಆಸ್ಪತ್ರೆಗೆ ಹೋಗಿ. ನಿಮಗೆ ಹುಬ್ಬಳ್ಳಿ ಹತ್ತಿರ, ಅಲ್ಲಿನ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಬಹುದು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿದ ಆಸ್ಪತ್ರೆಗೂ ಫೋನ್ ಮಾಡಿ ವಿಷಯ ತಿಳಿಸಿ. ಡಿಸ್ಚಾರ್ಜ್ ಸಮರಿ, ಕೊನೆಯ ಎಕೋ ರಿಪೋರ್ಟ್, ಹೋದ ತಿಂಗಳು ಕೊಟ್ಟ ಔಷಧಿಗಳ ಚೀಟಿ ಎಲ್ಲ ಜೊತೆಗಿರಲಿ.

ಅಲ್ಲಿ ಹೋದ ಕೂಡಲೇ ಹೀಗೆ ಹೇಳಿ: "ಮಗಳಿಗೆ ಹೃದಯದ ಆಪರೇಷನ್ ಆಗಿದೆ, ಒಳಗೆ ಪ್ಯಾಚ್ ಇದೆ, ಅದರ ಪಕ್ಕ ಲೀಕ್ ಇದೆ. ಆಂಟಿಬಯಾಟಿಕ್ ನಿಲ್ಲಿಸಿದ ಮೇಲೆ ಜ್ವರ ಮತ್ತೆ ಬಂದಿದೆ. ಇನ್ನೊಂದು ಆಂಟಿಬಯಾಟಿಕ್ ಶುರು ಮಾಡುವ ಮೊದಲು ದಯವಿಟ್ಟು ಬ್ಲಡ್ ಕಲ್ಚರ್ ತೆಗೆಯಿರಿ." ಹೊರರೋಗಿಗಳ ಸಾಲು ಎಷ್ಟೇ ಉದ್ದ ಇರಲಿ, ಇಷ್ಟನ್ನು ಕೇಳಿಸಿಕೊಂಡ ಮಕ್ಕಳ ಡಾಕ್ಟರ್ ಎಚ್ಚರಗೊಳ್ಳುತ್ತಾರೆ. ಸಂಕೋಚ ಬೇಡ.

ನಿಮ್ಮ ಮಗಳಿಗೆ ಹೃದಯದ ಸೋಂಕು ಆಗಿಯೇ ಬಿಟ್ಟಿದೆ ಅಂತ ನಾನು ಹೇಳುತ್ತಿಲ್ಲ. ಟೈಫಾಯ್ಡ್ ಪೂರ್ತಿ ವಾಸಿಯಾಗದೆ ಮರುಕಳಿಸಿರಬಹುದು. ಮೂತ್ರದ ಸೋಂಕು, ಕ್ಷಯ ಅಥವಾ ಇನ್ನೊಂದು ವೈರಲ್ ಜ್ವರವೂ ಇರಬಹುದು. ಆದರೆ ಹೃದಯದಲ್ಲಿ ಪ್ಯಾಚ್, ಅದರ ಪಕ್ಕ ಲೀಕ್, ಹುಳುಕು ಹಲ್ಲು, ಔಷಧಿ ಇರುವಷ್ಟು ದಿನ ಬಿಟ್ಟು ನಿಲ್ಲಿಸಿದ ಮೇಲೆ ಮರಳಿ ಬಂದ ಜ್ವರ, ಸುಸ್ತು, ಸೇರದ ಊಟ ಇವೆಲ್ಲ ಒಟ್ಟಿಗೆ ಬಂದಾಗ ನಮ್ಮ ತಲೆಯಲ್ಲಿ ಮೊದಲು ಬರಬೇಕಾದ ಹೆಸರು ಎಂಡೋಕಾರ್ಡೈಟಿಸ್, ಅಂದರೆ ಹೃದಯದ ಒಳಪದರದ ಸೋಂಕು. ಅದು ಇಲ್ಲ ಅಂತ ಖಾತ್ರಿಯಾದ ಮೇಲೆ ಉಳಿದದ್ದನ್ನು ಯೋಚಿಸಬೇಕು.

ಈ ಸೋಂಕು ಹೇಗೆ ಆಗುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದು ಅರ್ಥವಾದರೆ ಮುಂದಿನದೆಲ್ಲ ತಾನಾಗಿಯೇ ಅರ್ಥವಾಗುತ್ತದೆ. ಹೃದಯದ ಒಳಮೈಗೆ, ಕವಾಟಗಳಿಗೆ, ರಕ್ತನಾಳಗಳಿಗೆ ಒಂದು ನುಣುಪಾದ ತೆಳು ಪದರ ಇರುತ್ತದೆ. ಅದು ಚೆನ್ನಾಗಿರುವಷ್ಟು ಕಾಲ ಅಲ್ಲಿ ಏನೂ ಅಂಟಿಕೊಳ್ಳುವುದಿಲ್ಲ. ಹೃದಯದ ಎಡಭಾಗದಲ್ಲಿ ಒತ್ತಡ ಜಾಸ್ತಿ, ಬಲಭಾಗದಲ್ಲಿ ಕಡಿಮೆ. ನಡುವೆ ಸಣ್ಣ ತೂತಿದ್ದರೆ, ನಲ್ಲಿಯ ಬಾಯಿಯನ್ನು ಬೆರಳಿನಿಂದ ಅರ್ಧ ಮುಚ್ಚಿದಾಗ ನೀರು ಚಿಮ್ಮುವ ಹಾಗೆ ರಕ್ತ ರಭಸದಿಂದ ಚಿಮ್ಮುತ್ತದೆ. ಅದು ಬಡಿಯುವ ಜಾಗದಲ್ಲಿ ಪದರ ತರಚಿ ಒರಟಾಗುತ್ತದೆ. ಅಲ್ಲಿ ಪ್ಲೇಟ್‌ಲೆಟ್‌ಗಳು, ಫೈಬ್ರಿನ್ ಎಂಬ ಎಳೆಗಳು ಸೇರಿ ಸಣ್ಣ ಗಂಟು ಕಟ್ಟುತ್ತದೆ. ಇಲ್ಲಿಯವರೆಗೆ ಇನ್ನೂ ಸೋಂಕು ಇಲ್ಲ. ಇದು ಬ್ಯಾಕ್ಟೀರಿಯಾಕ್ಕೆ ಜಾಗ ಸಿದ್ಧವಾದಂತೆ, ಅಷ್ಟೇ.

ಇನ್ನು ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತದೆ? ನಮ್ಮೆಲ್ಲರ ರಕ್ತಕ್ಕೂ ಬಾಯಿಯಿಂದ ದಿನವೂ ಒಂದಿಷ್ಟು ಬ್ಯಾಕ್ಟೀರಿಯಾ ಸೇರುತ್ತಲೇ ಇರುತ್ತದೆ. ಜಗಿಯುವಾಗ ಸೇರುತ್ತದೆ, ಹಲ್ಲುಜ್ಜುವಾಗ ಸೇರುತ್ತದೆ. ದೇಹ ಸ್ವಲ್ಪ ಹೊತ್ತಿನಲ್ಲೇ ಅದನ್ನು ತೊಡೆದುಹಾಕುತ್ತದೆ. ಆದರೆ ಒರಟಾದ ಆ ಗಂಟಿನಲ್ಲಿ ನಾಲ್ಕು ಬ್ಯಾಕ್ಟೀರಿಯಾ ಸಿಕ್ಕಿಕೊಂಡರೆ ಅಲ್ಲೇ ಬೆಳೆಯುತ್ತವೆ, ಮೇಲೆ ಮತ್ತೆ ಫೈಬ್ರಿನ್ ಕಟ್ಟಿಕೊಳ್ಳುತ್ತದೆ, ಗಂಟು ದೊಡ್ಡದಾಗುತ್ತದೆ. ಎಕೋ ರಿಪೋರ್ಟಿನಲ್ಲಿ ವೆಜಿಟೇಶನ್ ಅಂತ ಬರೆಯುವುದು ಇದನ್ನೇ. ಹಲ್ಲು, ವಸಡಿನಿಂದ ಬರುವುದು ಹೆಚ್ಚಾಗಿ ವಿರಿಡಾನ್ಸ್ ಸ್ಟ್ರೆಪ್ಟೋಕಾಕಸ್. ಚರ್ಮದ ಕುರು, ಗಾಯ, ಆಸ್ಪತ್ರೆಯಲ್ಲಿ ಹಾಕಿದ ಸೂಜಿಯ ಲೈನ್ ಇವುಗಳಿಂದ ಬರುವುದು ಸ್ಟೆಫಿಲೋಕಾಕಸ್ ಆರಿಯಸ್. ಮೊದಲನೆಯದು ವಾರಗಟ್ಟಲೆ ಸದ್ದಿಲ್ಲದೆ ಒಳಗೆ ಕೆಲಸ ಮಾಡುತ್ತದೆ. ಎರಡನೆಯದು ಕೆಲವೇ ದಿನಗಳಲ್ಲಿ ಕವಾಟವನ್ನೇ ಹರಿದುಹಾಕಬಲ್ಲದು.

ಪ್ಯಾಚ್ ವಿಷಯಕ್ಕೆ ಬರೋಣ. ಆಪರೇಷನ್ ಆದ ಮೇಲೆ ಪ್ಯಾಚಿನ ಮೇಲೆ ದೇಹವೇ ತನ್ನ ನುಣುಪು ಪದರವನ್ನು ಬೆಳೆಸುತ್ತದೆ. ಅದಕ್ಕೆ ಸುಮಾರು 6 ತಿಂಗಳು ಬೇಕು. ಆಮೇಲೆ ಹೆಚ್ಚಿನ ಮಕ್ಕಳಿಗೆ ಪ್ಯಾಚಿನಿಂದ ಚಿಂತೆ ಇಲ್ಲ. ಆದರೆ ಅಂಚಿನಲ್ಲಿ ಲೀಕ್ ಇದ್ದರೆ ಅಲ್ಲಿ ರಕ್ತ ಚಿಮ್ಮುತ್ತಲೇ ಇರುತ್ತದೆ, ಪದರ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. "ಸ್ವಲ್ಪ ಲೀಕ್ ಇದೆ, ಭಯ ಇಲ್ಲ" ಅಂತ ಅವರು ಹೇಳಿದ್ದು ತಪ್ಪಲ್ಲ. ಹೃದಯದ ಕೆಲಸಕ್ಕೆ ಆ ಲೀಕ್‌ನಿಂದ ತೊಂದರೆ ಇಲ್ಲ. ಸೋಂಕಿನ ವಿಷಯದಲ್ಲಿ ಮಾತ್ರ ನಿಮ್ಮ ಮಗಳು ಹೆಚ್ಚು ಅಪಾಯದ ಗುಂಪಿನಲ್ಲಿ ಇದ್ದಾಳೆ. ಈ ಎರಡನೆಯ ಮಾತನ್ನು ತಂದೆತಾಯಿಗೆ ಬಿಡಿಸಿ ಹೇಳುವ ಹೊಣೆ ನಮ್ಮದು. ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಅದು ಎಷ್ಟೋ ಸಲ ಬಿಟ್ಟುಹೋಗುತ್ತದೆ.

ಈಗ ವಿಡಾಲ್ ಟೆಸ್ಟ್. ನಮ್ಮಲ್ಲಿ ನಾಲ್ಕು ದಿನ ಜ್ವರ ಬಂದರೆ ವಿಡಾಲ್ ಮಾಡಿಸುವುದು ರೂಢಿ. ಆ ಪರೀಕ್ಷೆ ಬ್ಯಾಕ್ಟೀರಿಯಾವನ್ನು ಹುಡುಕುವುದಿಲ್ಲ, ರಕ್ತದಲ್ಲಿರುವ ಪ್ರತಿಕಾಯಗಳನ್ನು ನೋಡುತ್ತದೆ. ಹಿಂದೆ ಯಾವಾಗಲೋ ಟೈಫಾಯ್ಡ್ ಆಗಿದ್ದರೂ, ಬೇರೆ ಸೋಂಕಿದ್ದರೂ ಅದು ಪಾಸಿಟಿವ್ ಬರಬಹುದು. ಒಂದೇ ಒಂದು ವಿಡಾಲ್ ನಂಬಿ ಟೈಫಾಯ್ಡ್ ಅಂತ ತೀರ್ಮಾನಿಸುವುದು ಯಾವ ಮಗುವಿಗೂ ಒಳ್ಳೆಯದಲ್ಲ. ಹೃದಯದ ತೊಂದರೆ ಇರುವ ಮಗುವಿಗಂತೂ ಅದು ದೊಡ್ಡ ಅಪಾಯ. ಯಾಕೆಂದರೆ ಟೈಫಾಯ್ಡ್‌ಗೆ ಅಂತ ಹಾಕುವ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಎಂಡೋಕಾರ್ಡೈಟಿಸ್ ಮಾಡುವ ಸ್ಟ್ರೆಪ್ಟೋಕಾಕಸ್‌ಗೂ ನಾಟುತ್ತದೆ. ರಕ್ತದಲ್ಲಿ ಓಡಾಡುವ ಬ್ಯಾಕ್ಟೀರಿಯಾ ಸಾಯುತ್ತದೆ, ಜ್ವರ ಇಳಿಯುತ್ತದೆ, ಎಲ್ಲರಿಗೂ ಸಮಾಧಾನ. ಗಂಟಿನ ಒಳಗಿರುವುದು 5 ದಿನಕ್ಕೆ ಸಾಯುವುದಿಲ್ಲ. ವಾರ ಕಳೆದು ಜ್ವರ ಮತ್ತೆ ಬರುತ್ತದೆ. ಆಗ ಇನ್ನೊಬ್ಬರು ಇನ್ನೊಂದು ಆಂಟಿಬಯಾಟಿಕ್ ಬರೆಯುತ್ತಾರೆ. ಹೀಗೆ ತಿಂಗಳು ಎರಡು ತಿಂಗಳು ಕಳೆದು, ಕವಾಟ ಹಾಳಾದ ಮೇಲೆ ನಮ್ಮ ಹತ್ತಿರ ಬರುವ ಮಕ್ಕಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಊರಿನ ಡಾಕ್ಟರನ್ನು ದೂರಬೇಕು ಅಂತ ನಾನು ಇದನ್ನು ಬರೆಯುತ್ತಿಲ್ಲ. ಜ್ವರದ ಸಾವಿರ ಮಕ್ಕಳ ನಡುವೆ ಇಂಥ ಒಂದು ಮಗುವನ್ನು ಗುರುತಿಸುವುದು ಅವರಿಗೂ ಕಷ್ಟ. ಅದಕ್ಕೇ ನೀವು ಮೊದಲ ಮಾತಿನಲ್ಲೇ ಹೃದಯದ ವಿಷಯ ಹೇಳಬೇಕು.

ಬ್ಲಡ್ ಕಲ್ಚರ್ ಅಂದರೆ ಮಗುವಿನ ರಕ್ತವನ್ನು ಪೋಷಕ ದ್ರವ ಇರುವ ಬಾಟಲಿಗೆ ಹಾಕಿ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ಕಾಯುವುದು. ಬೆಳೆದರೆ ಅದು ಯಾವುದು, ಯಾವ ಔಷಧಿಗೆ ಸಾಯುತ್ತದೆ ಎರಡೂ ತಿಳಿಯುತ್ತದೆ. ಟೈಫಾಯ್ಡ್ ಆಗಿದ್ದರೆ ಅದೂ ಇದರಲ್ಲೇ ಸಿಗಬಹುದು. ಎಂಡೋಕಾರ್ಡೈಟಿಸ್ ಅನುಮಾನ ಇದ್ದಾಗ ಒಂದು ಬಾಟಲಿ ಸಾಲದು. ಬೇರೆ ಬೇರೆ ಜಾಗದಿಂದ ಕನಿಷ್ಠ 3 ಸಲ ತೆಗೆಯುತ್ತಾರೆ. ಕೂಸುಗಳಲ್ಲಿ ಪ್ರತಿ ಸಲ 1ರಿಂದ 3 ಮಿಲಿಲೀಟರ್, ನಿಮ್ಮ ಮಗಳ ವಯಸ್ಸಿಗೆ 5ರಿಂದ 7 ಮಿಲಿಲೀಟರ್ ಬೇಕು. "ಇಷ್ಟೊಂದು ರಕ್ತ ಯಾಕೆ, ಮಗು ಮೊದಲೇ ಸೊರಗಿದೆ" ಅಂತ ತಾಯಂದಿರು ಅಳುತ್ತಾರೆ. ಆ ಸಂಕಟ ಸಹಜ. ಆದರೆ ರಕ್ತ ಕಡಿಮೆ ತೆಗೆದರೆ ಬ್ಯಾಕ್ಟೀರಿಯಾ ಕೈಗೆ ಸಿಗುವ ಸಾಧ್ಯತೆಯೂ ಕಡಿಮೆಯಾಗುತ್ತದೆ. ಅಷ್ಟು ರಕ್ತ ದೇಹ ಬೇಗ ತುಂಬಿಕೊಳ್ಳುತ್ತದೆ. ಇನ್ನೊಂದು ಮಾತು. ಈ ಸೋಂಕಿನಲ್ಲಿ ಬ್ಯಾಕ್ಟೀರಿಯಾ ದಿನವಿಡೀ ರಕ್ತಕ್ಕೆ ಬೀಳುತ್ತಿರುತ್ತದೆ, ಹಾಗಾಗಿ ಜ್ವರ ಏರುವ ಹೊತ್ತಿಗಾಗಿ ಕಾಯಬೇಕಿಲ್ಲ. ಪ್ಯಾರಾಸಿಟಮಾಲ್ ಕೊಟ್ಟಿದ್ದರೂ ಕಲ್ಚರ್ ಕೆಡುವುದಿಲ್ಲ. ಜ್ವರ ಇದ್ದರೆ ಅದನ್ನು ಹೆದರದೆ, ತೂಕಕ್ಕೆ ತಕ್ಕ ಅಳತೆಯಲ್ಲಿ ಕೊಡಿ.

ನಿಮ್ಮ ಮಗಳು ಈಗಾಗಲೇ ಎರಡು ಬಗೆಯ ಆಂಟಿಬಯಾಟಿಕ್ ತೆಗೆದುಕೊಂಡಿರುವುದರಿಂದ ಮೊದಲ ಕಲ್ಚರ್‌ನಲ್ಲಿ ಏನೂ ಬೆಳೆಯದೇ ಇರಬಹುದು. ಆಗ "ಕಲ್ಚರ್ ನೆಗೆಟಿವ್, ಸೋಂಕಿಲ್ಲ" ಅಂದುಕೊಂಡು ಮನೆಗೆ ಬರಬೇಡಿ. ಮಗು ಸ್ಥಿರವಾಗಿದ್ದರೆ ಡಾಕ್ಟರು ಬೇಕೆಂದೇ 48 ಗಂಟೆ ಅಥವಾ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಆಂಟಿಬಯಾಟಿಕ್ ಕೊಡದೆ ನಿಗಾ ಇಟ್ಟು ಮತ್ತೆ ಕಲ್ಚರ್ ತೆಗೆಯಬಹುದು. "ಅಡ್ಮಿಟ್ ಮಾಡಿಕೊಂಡು ಸುಮ್ನೆ ಇಟ್ಟಿದ್ದಾರೆ, ಏನೂ ಕೊಡುತ್ತಿಲ್ಲ" ಅಂತ ಬೇಸರ ಆಗುವುದು ಇಲ್ಲೇ. ಆ ಕಾಯುವಿಕೆಯೂ ಚಿಕಿತ್ಸೆಯ ಭಾಗ. ಆದರೆ ಮಗು ಮಂಕಾಗಿದ್ದರೆ, ಏದುಸಿರು ಬಿಡುತ್ತಿದ್ದರೆ, ಕೈಕಾಲು ತಣ್ಣಗಾಗಿದ್ದರೆ ಯಾರೂ ಕಾಯುವುದಿಲ್ಲ. ಕಲ್ಚರ್ ತೆಗೆದ ಕೂಡಲೇ ಔಷಧಿ ಶುರುವಾಗಬೇಕು.

ಎಕೋದಲ್ಲಿ ಗಂಟು ಕಂಡರೆ ರೋಗ ಹೆಚ್ಚುಕಡಿಮೆ ಖಚಿತ. ಕಾಣದಿದ್ದರೆ? ಸಣ್ಣ ಗಂಟು ಕಾಣದೇ ಹೋಗಬಹುದು, ಪ್ಯಾಚಿನ ನೆರಳಲ್ಲಿ ಮರೆಯಾಗಬಹುದು. ಅನುಮಾನ ಉಳಿದಿದ್ದರೆ ಸುಮಾರು ಒಂದು ವಾರದ ಒಳಗೆ ಮತ್ತೆ ಎಕೋ ಮಾಡುತ್ತಾರೆ. ದೊಡ್ಡ ಮಕ್ಕಳಿಗೆ, ಎದೆಯ ಮೇಲಿಂದ ಚಿತ್ರ ಸರಿಯಾಗಿ ಬರದಿದ್ದಾಗ, ಅನ್ನನಾಳದ ಮೂಲಕ ಮಾಡುವ ಎಕೋ ಬೇಕಾಗಬಹುದು. ಕಲ್ಚರ್, ಎಕೋ, ಜ್ವರ, ಮೈಮೇಲಿನ ಗುರುತುಗಳು ಎಲ್ಲವನ್ನೂ ಸೇರಿಸಿ ತೀರ್ಮಾನಿಸಲು ಡ್ಯೂಕ್ ಮಾನದಂಡಗಳು ಅಂತ ಇವೆ. 1994ರಲ್ಲಿ ಬಂದವು, 2023ರಲ್ಲಿ ಮತ್ತೆ ಪರಿಷ್ಕರಿಸಿದ್ದಾರೆ. ಡಾಕ್ಟರ ಬಾಯಲ್ಲಿ ಈ ಹೆಸರು ಕೇಳಿದರೆ ಗಾಬರಿ ಬೇಡ.

ಮನೆಯಲ್ಲಿ ನೀವು ಗಮನಿಸಬಹುದಾದ ಕೆಲವು ಸಂಗತಿಗಳಿವೆ. ಉಗುರಿನ ಬುಡದಲ್ಲಿ, ಅಂಗಾಲಿನಲ್ಲಿ, ಕಣ್ಣಿನ ಕೆಳರೆಪ್ಪೆ ಒಳಗೆ ಸಣ್ಣ ಕೆಂಪು ಚುಕ್ಕೆಗಳಿವೆಯಾ ನೋಡಿ. ಮಕ್ಕಳಲ್ಲಿ ಇವು ಕಾಣದೆಯೂ ಇರಬಹುದು, ಆದ್ದರಿಂದ ಚುಕ್ಕೆ ಇಲ್ಲ ಅಂತ ನಿಶ್ಚಿಂತರಾಗಬೇಡಿ. ಮೂತ್ರ ಕೆಂಪಾಗಿದೆಯಾ, ಕೀಲು ನೋವು ಅನ್ನುತ್ತಾಳಾ, ತೂಕ ಇಳಿದಿದೆಯಾ, ರಾತ್ರಿ ಬೆವರುತ್ತಾಳಾ ಅನ್ನುವುದನ್ನೂ ಡಾಕ್ಟರಿಗೆ ಹೇಳಿ. ಗಂಟಿನ ಚೂರು ಒಡೆದು ರಕ್ತದ ಜೊತೆ ಹರಿಯಬಹುದು. ಹೃದಯದ ಬಲಭಾಗದ್ದಾದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಹೃದಯದಲ್ಲಿ ತೂತಿರುವ ಮಗುವಿಗೆ ಮೇಲಿಂದ ಮೇಲೆ "ನ್ಯುಮೋನಿಯಾ" ಅಂತ ಬರುತ್ತಿದ್ದರೆ ಈ ಅನುಮಾನವನ್ನೂ ಇಟ್ಟುಕೊಳ್ಳಬೇಕು. ಎಡಭಾಗದ್ದಾದರೆ ಮಿದುಳಿಗೆ ಹೋಗಬಹುದು. ಬಾಯಿ ಸೊಟ್ಟಗಾಗುವುದು, ಒಂದು ಕೈ ಆಡದಿರುವುದು, ಫಿಟ್ಸ್, ತಡೆಯಲಾಗದ ತಲೆನೋವು ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ ಹೊರಡಬೇಕು. ಇನ್ನೂ ಆಪರೇಷನ್ ಆಗದ, ತುಟಿ ಉಗುರು ನೀಲಿಯಾಗಿರುವ ಮಕ್ಕಳ ತಂದೆತಾಯಿಗೂ ಇಲ್ಲೇ ಒಂದು ಮಾತು: ಅವರಲ್ಲಿ ಬ್ಯಾಕ್ಟೀರಿಯಾ ಶ್ವಾಸಕೋಶದ ಸೋಸುವಿಕೆ ತಪ್ಪಿಸಿಕೊಂಡು ನೇರ ಮಿದುಳಿಗೆ ಹೋಗಿ ಕೀವು ಕಟ್ಟಬಹುದು. ಜ್ವರದ ಜೊತೆ ತಲೆನೋವು, ವಾಂತಿ ಇದ್ದರೆ ಪಿತ್ತ ಅಂತ ಬಿಡಬೇಡಿ.

ಎಂಡೋಕಾರ್ಡೈಟಿಸ್ ಅಂತಲೇ ತೀರ್ಮಾನವಾದರೆ ಏನಾಗುತ್ತದೆ ಅಂತಲೂ ತಿಳಿದಿರಲಿ. ಪೆನಿಸಿಲಿನ್ ಬರುವ ಮೊದಲು ಇದು ಬಂದವರು ಹೆಚ್ಚುಕಡಿಮೆ ಎಲ್ಲರೂ ಸಾಯುತ್ತಿದ್ದರು. 1940ರ ದಶಕದ ನಡುವಿನಲ್ಲಿ ಪೆನಿಸಿಲಿನ್ ಬಂದು ಅದನ್ನು ಬದಲಿಸಿತು. ನಿಮ್ಮ ಮಗಳಂಥ ನೀಲಿ ಮಕ್ಕಳಿಗೆ ಮೊದಲ ಸಲ ಆಪರೇಷನ್ ಮಾಡಿದ್ದೂ ಆ ಕಾಲದಲ್ಲೇ, 1944ರ ನವೆಂಬರ್‌ನಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ. ಈಗ ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಸಿಕ್ಕರೆ ಹೆಚ್ಚಿನ ಮಕ್ಕಳು ಬದುಕುತ್ತಾರೆ, ಮತ್ತೆ ಶಾಲೆಗೆ ಹೋಗುತ್ತಾರೆ. ಆದರೆ ಚಿಕಿತ್ಸೆ ಉದ್ದ. ಸಾಮಾನ್ಯವಾಗಿ 4ರಿಂದ 6 ವಾರ, ಕೃತಕ ಕವಾಟ ಅಥವಾ ಕೃತಕ ವಸ್ತುವಿಗೇ ಸೋಂಕು ತಗಲಿದ್ದರೆ ಕನಿಷ್ಠ 6 ವಾರ, ಎಲ್ಲವೂ ರಕ್ತನಾಳದ ಮೂಲಕವೇ. ಯಾವ ಔಷಧಿ ಎಂಬುದನ್ನು ಕಲ್ಚರ್ ಹೇಳುತ್ತದೆ. ಬಾಯಿಯ ಸ್ಟ್ರೆಪ್ಟೋಕಾಕಸ್ ಆದರೆ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್. ಸ್ಟೆಫಿಲೋಕಾಕಸ್ ಆದರೆ ಕ್ಲಾಕ್ಸಾಸಿಲಿನ್ ಅಥವಾ ಸೆಫಾಜೋಲಿನ್, ಅವಕ್ಕೂ ಬಗ್ಗದ ತಳಿಯಾದರೆ ವ್ಯಾಂಕೋಮೈಸಿನ್. ಕೆಲವೊಮ್ಮೆ ಜೆಂಟಾಮೈಸಿನ್ ಜೊತೆಗೆ ಸೇರಿಸುತ್ತಾರೆ. ಅದು ಮೂತ್ರಪಿಂಡಕ್ಕೂ ಕಿವಿಗೂ ತೊಂದರೆ ಕೊಡಬಲ್ಲದು, ಅದಕ್ಕೇ ಪದೇ ಪದೇ ರಕ್ತ ಪರೀಕ್ಷೆ ಮಾಡುತ್ತಾರೆ.

ಒಂದು ವಾರದೊಳಗೆ ಜ್ವರ ಬಿಡಬಹುದು. ಮಗು ಎದ್ದು ಕೂತು ಇಡ್ಲಿ ಕೇಳುತ್ತದೆ. ಆಗ ಮನೆಗೆ ಹೋಗಬೇಕು ಅನಿಸುತ್ತದೆ. ಹೊಲ, ಕೂಲಿ, ಮನೆಯಲ್ಲಿ ಬಿಟ್ಟುಬಂದ ಇನ್ನೊಂದು ಮಗು, ಎಲ್ಲ ನೆನಪಾಗುತ್ತದೆ. ಎಷ್ಟೋ ಜನ ಸಹಿ ಹಾಕಿ ಹೊರಟೇ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಂಟಿನ ಒಳಗೆ ರಕ್ತನಾಳ ಇಲ್ಲ, ಬಿಳಿ ರಕ್ತಕಣಗಳು ಅಲ್ಲಿಗೆ ತಲುಪುವುದಿಲ್ಲ, ಒಳಗಿನ ಬ್ಯಾಕ್ಟೀರಿಯಾ ಅರ್ಧ ನಿದ್ದೆಯಲ್ಲಿ ಇರುವುದರಿಂದ ಔಷಧಿಗೂ ಬೇಗ ಸಾಯುವುದಿಲ್ಲ. ಅಷ್ಟು ವಾರಗಳು ಬೇಕಾಗುವುದು ಅದಕ್ಕೇ. ದಿನಗಳನ್ನು ಎಣಿಸುವುದು ಕೂಡ ಕಲ್ಚರ್ ಮೊದಲ ಸಲ ನೆಗೆಟಿವ್ ಬಂದ ದಿನದಿಂದ, ಅಡ್ಮಿಟ್ ಆದ ದಿನದಿಂದಲ್ಲ. ರೌಂಡ್ಸ್‌ಗೆ ಬಂದಾಗ "ಕಲ್ಚರ್ ಯಾವತ್ತು ನೆಗೆಟಿವ್ ಬಂತು, ಇವತ್ತಿಗೆ ಎಷ್ಟನೇ ದಿನ" ಅಂತ ಕೇಳಿ ಬರೆದಿಟ್ಟುಕೊಳ್ಳಿ. ಕೆಲವು ಮಕ್ಕಳಿಗೆ ಕೊನೆಯ ವಾರಗಳ ಇಂಜೆಕ್ಷನ್ ಅನ್ನು ಊರಿನ ಹತ್ತಿರದ ಆಸ್ಪತ್ರೆಯಲ್ಲಿ ಕೊಡಿಸುವ ಏರ್ಪಾಡು ಮಾಡಬಹುದು. ಕೇಳಿ ನೋಡಿ, ಆದರೆ ಅದನ್ನು ತೀರ್ಮಾನಿಸುವುದು ಅವರೇ. ಮಾತ್ರೆಯಲ್ಲಿ ಮುಗಿಸಬಹುದಾ ಅಂತ ಕೇಳುವವರಿದ್ದಾರೆ. ದೊಡ್ಡವರಲ್ಲಿ ಆಯ್ದ ಕೆಲವರಿಗೆ ಅರ್ಧದ ನಂತರ ಮಾತ್ರೆಗೆ ಬದಲಿಸಿ ನೋಡಿದ್ದಾರೆ. ಮಕ್ಕಳಲ್ಲಿ ಅದನ್ನು ರೂಢಿ ಮಾಡುವಷ್ಟು ಪುರಾವೆ ಇಲ್ಲ.

ಆಪರೇಷನ್ ಮತ್ತೆ ಬೇಕಾ ಅನ್ನುವ ಭಯ ನಿಮಗೆ ಈಗಾಗಲೇ ಬಂದಿರಬಹುದು. ಎಲ್ಲರಿಗೂ ಬೇಕಾಗುವುದಿಲ್ಲ. ಕವಾಟ ಹರಿದು ಹೃದಯ ಸೋಲುತ್ತಿದ್ದರೆ, ಸರಿಯಾದ ಔಷಧಿ ಕೊಟ್ಟರೂ ಕಲ್ಚರ್ ಪಾಸಿಟಿವ್ ಬರುತ್ತಲೇ ಇದ್ದರೆ, ಕವಾಟದ ಬುಡದಲ್ಲಿ ಕೀವು ಕಟ್ಟಿದ್ದರೆ, ದೊಡ್ಡ ಗಂಟು ಅಲ್ಲಾಡುತ್ತಾ ಚೂರು ಉದುರಿಸುತ್ತಿದ್ದರೆ, ಫಂಗಸ್ ಸೋಂಕಾದರೆ ಬೇಕಾಗುತ್ತದೆ. ಕೀವು ಹರಡಿದ್ದನ್ನು ಕೆಲವೊಮ್ಮೆ ಇಸಿಜಿ ಮೊದಲು ತೋರಿಸುತ್ತದೆ, ಅದಕ್ಕೇ ಮತ್ತೆ ಮತ್ತೆ ಇಸಿಜಿ ತೆಗೆಯುತ್ತಾರೆ. "ಸೋಂಕು ಪೂರ್ತಿ ವಾಸಿಯಾಗಲಿ, ಆಮೇಲೆ ಆಪರೇಷನ್" ಅಂತ ನೆಂಟರು ಹೇಳಬಹುದು. ಬೇಕೇ ಬೇಕಾದಾಗ ತಡಮಾಡಿದರೆ ನಷ್ಟವೇ ಹೆಚ್ಚು. ಖರ್ಚಿನ ವಿಷಯಕ್ಕೆ, ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಗ್ಗೆ ಅಡ್ಮಿಟ್ ಆದ ದಿನವೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಮಗಳು ಶಾಲೆಗೆ ಹೋಗುತ್ತಿರುವುದರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರೂ ದಾರಿ ತೋರಿಸಬಲ್ಲರು.

ಈಗ ಹಲ್ಲು. ನಿಮ್ಮ ಅತ್ತೆಯವರ ಕಾಳಜಿ ನನಗೆ ಅರ್ಥವಾಗುತ್ತದೆ. ರಕ್ತ ಕಂಡರೆ ಯಾರಿಗೂ ಹೆದರಿಕೆಯೇ. ಆದರೆ ವಸಡಿನಲ್ಲಿ ರಕ್ತ ಬರುತ್ತಿರುವುದು ಕೊಳೆ ಕೂತು ವಸಡು ಊದಿಕೊಂಡಿರುವುದರಿಂದ. ಬ್ರಷ್ ಬಿಟ್ಟರೆ ಊತ ಇನ್ನೂ ಜಾಸ್ತಿಯಾಗುತ್ತದೆ, ಆಮೇಲೆ ಚಪಾತಿ ಜಗಿದರೂ ಬ್ಯಾಕ್ಟೀರಿಯಾ ರಕ್ತಕ್ಕೆ ಹೋಗುತ್ತದೆ. ಮೃದು ಬ್ರಷ್‌ನಲ್ಲಿ, ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ, ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮೊದಲು ಉಜ್ಜಿಸಿ. 7 ವರ್ಷದ ಮಗು ತಾನೇ ಉಜ್ಜಿದರೆ ದವಡೆವರೆಗೆ ಹೋಗುವುದಿಲ್ಲ. ರಾತ್ರಿಯದನ್ನು ನೀವೇ ಉಜ್ಜಿ. ದಿನವೂ ಚೆನ್ನಾಗಿ ಉಜ್ಜಿದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ರಕ್ತ ಕಡಿಮೆಯಾಗುತ್ತದೆ. ಇದನ್ನು ಅತ್ತೆಯವರಿಗೂ ಓದಿ ಹೇಳಿ.

ಹಲ್ಲಿನ ಡಾಕ್ಟರು ಚೀಟಿ ಕೇಳಿದ್ದು ಸರಿ. ಆದರೆ ಮೊದಲು ಜ್ವರದ ಕಾರಣ ತಿಳಿಯಲಿ. ಎಂಡೋಕಾರ್ಡೈಟಿಸ್ ಇದ್ದರೆ ಆಸ್ಪತ್ರೆಯಲ್ಲಿ ಇರುವಾಗಲೇ ಹಲ್ಲಿನ ಚಿಕಿತ್ಸೆಯನ್ನೂ ಮುಗಿಸುತ್ತಾರೆ. ಇಲ್ಲವಾದರೆ ಚೀಟಿಯೊಂದಿಗೆ ಬೇಗ ಮಾಡಿಸಿ. ಹಲ್ಲು ಕೀಳುವುದು, ವಸಡಿನ ಕೆಲಸ, ಬೇರಿನ ಚಿಕಿತ್ಸೆ ಇವುಗಳಿಗೆ ಮೊದಲು ನಿಮ್ಮ ಮಗಳಿಗೆ ಒಂದೇ ಒಂದು ಡೋಸ್ ಆಂಟಿಬಯಾಟಿಕ್ ಬೇಕು. ಸಾಮಾನ್ಯವಾಗಿ ಕೊಡುವುದು ಅಮಾಕ್ಸಿಸಿಲಿನ್. ಒಂದು ಕೆ.ಜಿ. ತೂಕಕ್ಕೆ 50 ಮಿಲಿಗ್ರಾಂ ಲೆಕ್ಕ, ಅಂದರೆ 18 ಕೆ.ಜಿ.ಗೆ 900 ಮಿಲಿಗ್ರಾಂ. ಎಷ್ಟೇ ತೂಕ ಇದ್ದರೂ 2 ಗ್ರಾಂ ಮೀರಬಾರದು. ಕೆಲಸ ಶುರುವಾಗುವ 30ರಿಂದ 60 ನಿಮಿಷ ಮೊದಲು ಕೊಡಬೇಕು. ಪೆನಿಸಿಲಿನ್ ಅಲರ್ಜಿ ಇದ್ದರೆ ಅಜಿತ್ರೋಮೈಸಿನ್‌ನಂಥ ಬೇರೆ ಔಷಧಿ ಇದೆ. ಹಿಂದೆ ಕೊಡುತ್ತಿದ್ದ ಕ್ಲಿಂಡಾಮೈಸಿನ್ ಬೇಡ ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2021ರಲ್ಲಿ ಹೇಳಿದೆ. ಆಂಟಿಬಯಾಟಿಕ್ ಕೋರ್ಸ್ ಆಗಷ್ಟೇ ಮುಗಿದಿದ್ದರೆ ಹಲ್ಲಿನ ಕೆಲಸವನ್ನು ಸುಮಾರು 10 ದಿನ ಮುಂದೆ ಹಾಕುವುದು ಒಳ್ಳೆಯದು, ಆಗದಿದ್ದರೆ ಬೇರೆ ಗುಂಪಿನ ಔಷಧಿ ಆರಿಸುತ್ತಾರೆ. ಈ ಲೆಕ್ಕವನ್ನು ನಿಮ್ಮ ಹೃದಯದ ಡಾಕ್ಟರು ಅದೇ ಚೀಟಿಯಲ್ಲಿ ಬರೆದುಕೊಡಲಿ. ಹಾಲುಹಲ್ಲು ತಾನಾಗಿ ಬಿದ್ದರೆ, ಹಲ್ಲಿನ ಎಕ್ಸ್‌ರೇ ತೆಗೆದರೆ, ಬಿದ್ದು ತುಟಿ ಒಡೆದರೆ ಈ ಡೋಸ್ ಬೇಡ.

ಇದನ್ನು ಓದುವ ಬೇರೆ ತಂದೆತಾಯಂದಿರು ಹಲ್ಲಿನ ಕೆಲಸಕ್ಕೆ ಮೊದಲಿನ ಈ ಡೋಸ್ ತಮ್ಮ ಮಗುವಿಗೂ ಬೇಕಾ ಅಂತ ಕೇಳಬಹುದು. 1955ರಿಂದ ದಶಕಗಟ್ಟಲೆ ಹೃದಯದ ತೊಂದರೆ ಇರುವ ಹೆಚ್ಚುಕಡಿಮೆ ಎಲ್ಲರಿಗೂ ಕೊಡಿ ಅನ್ನುತ್ತಿದ್ದರು. 2007ರಲ್ಲಿ ಅದನ್ನು ಬಹಳ ಕಡಿಮೆ ಮಾಡಿದರು. ಕೃತಕ ಕವಾಟ ಇರುವವರು, ಒಮ್ಮೆ ಎಂಡೋಕಾರ್ಡೈಟಿಸ್ ಆದವರು, ಆಪರೇಷನ್ ಆಗದ ಅಥವಾ ಬರೀ ಶಂಟ್ (ರಕ್ತಕ್ಕೆ ಬದಲಿ ದಾರಿ) ಹಾಕಿರುವ ನೀಲಿ ಮಕ್ಕಳು, ಪ್ಯಾಚ್ ಅಥವಾ ತೂತು ಮುಚ್ಚುವ ಡಿವೈಸ್ ಹಾಕಿ 6 ತಿಂಗಳು ಆಗದವರು, ನಿಮ್ಮ ಮಗಳಂತೆ ಪ್ಯಾಚಿನ ಪಕ್ಕ ಲೀಕ್ ಉಳಿದವರು ಈ ಪಟ್ಟಿಯಲ್ಲಿದ್ದಾರೆ. ಸಣ್ಣ ತೂತಿದ್ದು ಆಪರೇಷನ್ನೇ ಬೇಡ ಅಂದ ಮಕ್ಕಳಿಗೆ ಬೇಕಿಲ್ಲ. ಕಾರಣ ಸರಳ. ವರ್ಷಕ್ಕೊಮ್ಮೆ ಹಲ್ಲು ಕೀಳುವಾಗ ರಕ್ತಕ್ಕೆ ಸೇರುವುದಕ್ಕಿಂತ, ವರ್ಷವಿಡೀ ಜಗಿಯುವಾಗ ಸೇರುವುದೇ ಎಷ್ಟೋ ಪಾಲು ಹೆಚ್ಚು. ಹಾಗಾಗಿ ಬಾಯಿ ಸ್ವಚ್ಛ ಇಡುವುದೇ ದೊಡ್ಡ ರಕ್ಷಣೆ, ಒಂದು ಡೋಸ್ ಮಾತ್ರೆ ಅಲ್ಲ. 6 ತಿಂಗಳಿಗೊಮ್ಮೆ ಹಲ್ಲು ತೋರಿಸುವುದನ್ನು ಎಕೋ ಮಾಡಿಸುವಷ್ಟೇ ಮುಖ್ಯ ಅಂತ ತಿಳಿಯಿರಿ. ಇನ್ನೊಂದು ಗೊಂದಲವನ್ನೂ ಬಿಡಿಸುತ್ತೇನೆ. ರುಮ್ಯಾಟಿಕ್ ಜ್ವರ ಆದ ಮಕ್ಕಳಿಗೆ 3 ವಾರಕ್ಕೋ 4 ವಾರಕ್ಕೋ ಒಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಹಾಕುತ್ತಾರಲ್ಲ, ಅದು ಬೇರೆ ರೋಗಕ್ಕೆ. ಹುಟ್ಟಿನಿಂದ ಬಂದ ತೂತಿಗೆ ಅದು ಬೇಡ, ಅದನ್ನು ಹಾಕಿಸಿಕೊಳ್ಳುತ್ತಿರುವವರಿಗೆ ಎಂಡೋಕಾರ್ಡೈಟಿಸ್ ಬರುವುದಿಲ್ಲ ಅಂತಲೂ ಇಲ್ಲ.

ಮುಂದೆ ಜ್ವರ ಬಂದಾಗಲೆಲ್ಲ ಹೀಗೇ ಓಡಬೇಕಾ? ಬೇಡ. ಮೂಗು ಸೋರುತ್ತಾ, ಕೆಮ್ಮುತ್ತಾ ಬಂದ ಜ್ವರ, ಮನೆಯಲ್ಲಿ ಇನ್ನಿಬ್ಬರಿಗೂ ಇದೆ, ಮಗು ಆಡಿಕೊಂಡಿದೆ ಅಂದರೆ ಎರಡು ಮೂರು ದಿನ ಪ್ಯಾರಾಸಿಟಮಾಲ್ ಕೊಟ್ಟು ನೋಡಬಹುದು. ಕಾರಣ ಕಾಣದ ಜ್ವರ ಮೂರನೇ ದಿನವೂ ಇದ್ದರೆ, ಅಥವಾ ಯಾರಾದರೂ ಆಂಟಿಬಯಾಟಿಕ್ ಬರೆಯಲು ಹೊರಟರೆ, ಕಲ್ಚರ್ ಮೊದಲು. ಮಳೆಗಾಲದಲ್ಲಿ ಡೆಂಗಿ ಪರೀಕ್ಷೆ ಮಾಡಿಸುವಾಗಲೂ ಇದನ್ನು ಜೊತೆಗೆ ತೆಗೆಯಲಿ. ಒಂದು ವೇಳೆ ಈ ಸಲ ಎಂಡೋಕಾರ್ಡೈಟಿಸ್ ಅಂತಲೇ ಆಗಿ ಚಿಕಿತ್ಸೆ ಮುಗಿದರೆ, ಆಮೇಲಿನ ಎರಡು ತಿಂಗಳು ಇನ್ನೂ ಎಚ್ಚರ ಬೇಕು. ಮರುಕಳಿಸುವುದಾದರೆ ಹೆಚ್ಚಾಗಿ ಆಗಲೇ. ಮೈಮೇಲಿನ ಕುರು, ಕಜ್ಜಿ, ಉಗುರು ಕಚ್ಚಿ ಆದ ಗಾಯ ಇವನ್ನೂ ಹಾಗೇ ಬಿಡದೆ ತೋರಿಸಿ.

ಕಿವಿ ಚುಚ್ಚಿಸುವ ಕಾರ್ಯವನ್ನು ಈಗ ಮುಂದಕ್ಕೆ ಹಾಕಿ. ಜ್ವರದ ಕಾರಣ ತಿಳಿದು, ಚಿಕಿತ್ಸೆ ಮುಗಿದು, ಹೃದಯದ ಡಾಕ್ಟರು ಸರಿ ಅಂದ ಮೇಲೆ ಮಾಡಿಸಬಹುದು. ಅದಕ್ಕೆ ಆಂಟಿಬಯಾಟಿಕ್ ಡೋಸ್ ಬೇಕು ಅಂತ ನಿಯಮ ಇಲ್ಲ, ಆದರೆ ಸ್ವಚ್ಛತೆ ಬೇಕೇ ಬೇಕು. ಜಾತ್ರೆಯಲ್ಲಿ, ಎಲ್ಲರಿಗೂ ಒಂದೇ ಸೂಜಿ ಬಳಸುವ ಕಡೆ ಬೇಡ. ಆಸ್ಪತ್ರೆಯಲ್ಲಿ ಹೊಸ ಸ್ಟೆರೈಲ್ ಸೂಜಿಯಿಂದ, ಕಿವಿಯ ಹಾಲೆಯಲ್ಲಿ ಮಾತ್ರ ಚುಚ್ಚಿಸಿ. ಮೂಗು ಬೇಡ, ಕಿವಿಯ ಮೇಲಿನ ಗಟ್ಟಿ ಭಾಗವೂ ಬೇಡ. ಓಲೆ ಚಿನ್ನದ್ದಿರಲಿ, ಗಾಯ ಒಣಗುವವರೆಗೆ ಕೈ ತೊಳೆಯದೆ ಮುಟ್ಟಬಾರದು, ಅರಿಶಿನ ಎಣ್ಣೆ ಹಚ್ಚಬೇಡಿ. ಕಿವಿ ಕೆಂಪಾಗಿ ಊದಿಕೊಂಡರೆ, ಕೀವು ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ.